ಇಲ್ಲದ ತೂಬು

ಪುಟ್ಟೇನಹಳ್ಳಿ, ಯಲಹಂಕ
೧೪ ಅಕ್ಟೋಬರ್ ೨೦೨೫, ಮಂಗಳವಾರ

ಮನೆಯಲ್ಲಿ ಯಾರಿಗೂ ಹೇಳದೆ ದೊಡ್ಡಬಳ್ಳಾಪುರದ ಬಸ್ಸು ಹತ್ತಿ, ತಂಗಿಯ ಮನೆಯ ಜಗುಲಿಯ ಮೇಲೆ ಹೊಸ ಅಳಿಯನ ಹಾಗೆ ಕೂತು ಮುದ್ದೆ ಮುರಿಯುತ್ತಿರುವ ಯಜಮಾನರಾದ ವೆಂಕಟರಾಮಯ್ಯನವರಿಗೆ, ಮುನಿವೆಂಕಟಮ್ಮ ಮಾಡುವ ನಮಸ್ಕಾರ.

ನಮಸ್ಕಾರ ಕಾಗದದ ಮರ್ಯಾದೆಗೆ ಮಾಡಿದ್ದು. ನಿಮಗೆ ಇರುವುದು ಬೈಗುಳ. ಇಷ್ಟು ವಯಸ್ಸಾಗಿ, ತಲೆಯಲ್ಲಿ ಒಂದು ಕರಿ ಕೂದಲು ಉಳಿಯದೆ ಇದ್ದಮೇಲೆ, ಮುನಿಸಿಕೊಂಡು ಮನೆ ಬಿಟ್ಟು ಹೋಗುವುದು ಗಂಡಸಿಗೆ ಒಪ್ಪುವ ಕೆಲಸವೇ? ತವರಿಗೆ ಹೋಗಿ ಕೂರುವುದು ಹೆಂಗಸರ ಹಕ್ಕು. ಅದನ್ನೂ ನೀವೇ ಕಸಿದುಕೊಂಡರೆ ನಾನೆಲ್ಲಿಗೆ ಹೋಗಲಿ? ಹೋದವರು ಮೊಬೈಲನ್ನಾದರೂ ತೆಗೆದುಕೊಂಡು ಹೋದಿರಾ? ಅದನ್ನು ದೇವರ ಗೂಡಿನಲ್ಲಿ ಇಟ್ಟು ಹೋದಿರಿ. ಅದು ಅಲ್ಲೇ ಬಡಿದುಕೊಂಡು ಬಡಿದುಕೊಂಡು ಚಾರ್ಜು ಮುಗಿದು ಸುಮ್ಮನಾಯಿತು. ನಿಮ್ಮ ತಂಗಿ ಕೃಷ್ಣಮ್ಮನ ಫೋನಿಗೆ ಮಾಡಿದರೆ, ಗಂಟೆ ಹೊಡೆದ ಕೂಡಲೇ ನೀವು ಎದ್ದು ಕೊಟ್ಟಿಗೆಗೆ ಹೋಗುತ್ತೀರಂತೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದ ಬಂದರೆ ಎದ್ದು ಹೋಗುವ ಹಾಗಿಲ್ಲ, ಕನ್ನಡಕ ಏರಿಸಿ ಕೂತು ಓದಬೇಕು. ಕೃಷ್ಣಮ್ಮನ ಕೈಯಲ್ಲಿ ಓದಿಸಿಕೊಳ್ಳಬೇಡಿ. ಅವಳು ಮಧ್ಯಾಹ್ನದೊಳಗೆ ಊರಿಗೆಲ್ಲ ಓದಿ ಹೇಳುತ್ತಾಳೆ.

ನನ್ನ ಅಕ್ಷರ ನೋಡಿ ನಗಬೇಡಿ. ಕಡಲೆಕಾಯಿ ಚೆಲ್ಲಿದ ಹಾಗಿದೆ ಎಂದು ಮದುವೆಯಾದ ಹೊಸದರಲ್ಲೇ ಅಂದವರು ನೀವು. ನಾಲ್ಕನೇ ಕ್ಲಾಸಿಗೆ ನನ್ನನ್ನು ಬಿಡಿಸಿ ಎಮ್ಮೆ ಮೇಯಿಸಲು ಕಳಿಸಿದರು, ಎಮ್ಮೆಗೆ ಕಾಗುಣಿತ ಬರುತ್ತಿರಲಿಲ್ಲ. ಬರೆದಷ್ಟನ್ನು ಓದಿಕೊಳ್ಳಿ.

ಈ ಕಾಗದಕ್ಕೆ ಎರಡು ಕಾರಣ ಇದೆ. ಒಂದು, ಮಂಜುಶ್ರೀಯ ಲ್ಯಾಪ್‌ಟಾಪಿನಲ್ಲಿ ನೆಟ್ ಹೋಗಿದ್ದು ನಿಮ್ಮ ಪೂಜೆಯಿಂದ ಅಲ್ಲ. ಎರಡು, ಆ ಮೊಮ್ಮಗಳಿಗೇ ನಿಮ್ಮಿಂದ ಒಂದು ಒಪ್ಪಿಗೆ ಬೇಕಾಗಿದೆ. ಅದೇನು ಎಂದು ಈಗಲೇ ಹೇಳಿಬಿಟ್ಟರೆ ನೀವು ಉಳಿದದ್ದನ್ನು ಓದದೆ ಮಡಚಿ ಜೇಬಿಗೆ ಹಾಕಿಕೊಳ್ಳುತ್ತೀರಿ. ಆದ್ದರಿಂದ ಸಾವಕಾಶವಾಗಿ ಹೇಳುತ್ತೇನೆ.

ಆಯುಧಪೂಜೆಯ ದಿನದಿಂದಲೇ ಶುರು ಮಾಡುತ್ತೇನೆ. ನೀವು ಅಲ್ಲೇ ಇದ್ದಿರಿ, ನಿಜ. ಆದರೆ ನೀವು ತಲೆ ತಗ್ಗಿಸಿ ನಿಂತಿದ್ದಿರಿ, ನಾನು ಎಲ್ಲವನ್ನೂ ನೋಡುತ್ತಿದ್ದೆ.

ಅವತ್ತು ಬೆಳಗ್ಗೆ ಕುಡುಗೋಲು, ಗುದ್ದಲಿ, ಸತೀಶನ ಕಾರಿನ ಕೀಲಿ, ನನ್ನ ಮಿಕ್ಸಿ, ಸೊಸೆಯ ಹೊಲಿಗೆ ಯಂತ್ರ, ಎಲ್ಲವನ್ನೂ ಸಾಲಾಗಿ ಜೋಡಿಸಿದಿರಿ. ಕೊನೆಗೆ ಮಂಜುಶ್ರೀಯ ಲ್ಯಾಪ್‌ಟಾಪ್ ತಂದು ಮಣೆಯ ಮೇಲೆ, ಎಲ್ಲಕ್ಕಿಂತ ಎತ್ತರದಲ್ಲಿ ಇಟ್ಟಿರಿ. ಎಸ್.ಪಿ. ರಸ್ತೆಯ ಅಂಗಡಿ ಅಂಗಡಿ ಅಲೆದು ಅವಳಿಗೆ ಅದನ್ನು ಕೊಡಿಸಿದವರು ನೀವೇ ಅಲ್ಲವೇ, ಹೆಮ್ಮೆ ಇರುತ್ತದೆ. ಮೂರು ಬೆರಳಿನಲ್ಲಿ ವಿಭೂತಿ ಎಳೆದಿರಿ. ಗಂಧ ಹಚ್ಚಿದಿರಿ, ಕುಂಕುಮ ಇಟ್ಟಿರಿ, ಸೇವಂತಿಗೆ ಏರಿಸಿದಿರಿ. ಮಾವಿನ ಎಲೆಯಲ್ಲಿ ಅರಿಸಿನದ ನೀರು ಅದ್ದಿ ಎಲ್ಲದರ ಮೇಲೂ ಚಿಮುಕಿಸಿದಿರಿ. ಬೂದುಗುಂಬಳ ಒಡೆದು ಬಂದು, ಹಬ್ಬದ ದಿನ ಕೃಷ್ಣಮ್ಮನ ಮುಖ ನೋಡೋಣ ಎಂದು ಲ್ಯಾಪ್‌ಟಾಪ್ ತೆರೆದಿರಿ. ಆಮೇಲೆ ಕೂಗಿದಿರಿ. "ಮಗಾ ಮಂಜೂ, ಇಲ್ ನೋಡು, ನೆಟ್ ಬರ್ತಿಲ್ಲ."

ಅಲ್ಲಿಂದ ರಾಮಾಯಣ. ಸತೀಶ ಕೈ ತೊಳೆಯದೆ ಓಡಿ ಬಂದ. "ಅಪ್ಪಾ, ಅದೇನ್ ಟ್ರ್ಯಾಕ್ಟರಾ ನೀರ್ ಹೊಡಿಯೋಕೆ? ಇವತ್ತು ಸಾಯಂಕಾಲ ಅವ್ಳು ಕಾಲೇಜಿಗೆ ಪ್ರಾಜೆಕ್ಟ್ ಕಳಿಸ್ಬೇಕು! ಒಳಗೆಲ್ಲ ಕುಂಕುಮ ಹೋಗಿ ಕೂತಿರುತ್ತೆ!" ಎಂದು ಹಾರಾಡಿದ. ಪದ್ಮಶ್ರೀ ಸೊಸೆ ಎಂಬ ಮರ್ಯಾದೆಗೆ ಬಾಯಿ ಬಿಡಲಿಲ್ಲ, ಆದರೆ ಸೆರಗಿನಿಂದ ಲ್ಯಾಪ್‌ಟಾಪ್ ಒರೆಸಿದ ರೀತಿಯಲ್ಲೇ ಎಲ್ಲ ಹೇಳಿದಳು. ಆಗ ನೀವು ಒಂದು ಮಾತು ಅಂದಿರಿ. "ಪೂಜೆಗೆ ಮುಂಚೇನೇ ಓಗಿತ್ತು ಕಣೋ. ಬೆಳಗ್ಗೆ ನಾನ್ ತೆಗ್ದು ನೋಡ್ದಾಗ್ಲೇ ಆ ವೈಫೈ ಬೀಸಣಿಗೆ ಗುರುತು ಇರ್ಲಿಲ್ಲ."

ಯಾರೂ ಕೇಳಿಸಿಕೊಳ್ಳಲಿಲ್ಲ. ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡು, "ಸುಮ್ನಿರ್ರಿ, ಮಾಡೋದೆಲ್ಲ ಮಾಡಿ ಮೇಲೊಂದು ಕಥೆ ಬೇರೆ" ಎಂದೆ. ಅಂದದ್ದನ್ನು ಅಂದಿಲ್ಲ ಎನ್ನುವವಳು ನಾನಲ್ಲ. ಹಬ್ಬದ ಅಡುಗೆ ಒಲೆಯ ಮೇಲಿತ್ತು, ಹೋಳಿಗೆ ಸೀಯುತ್ತಿತ್ತು, ಬಾಯಿಗೆ ಬಂದದ್ದು ಬಂತು. ಅದಕ್ಕೆ ನೀವು ನನಗೆ ತಿರುಗಿ ಎರಡು ಮಾತು ಅನ್ನಬೇಕಿತ್ತು. ಅಂದಿದ್ದರೆ ಊಟದ ಹೊತ್ತಿಗೆ ಎಲ್ಲ ಸರಿಹೋಗುತ್ತಿತ್ತು, ನಮ್ಮ ಮನೆಯಲ್ಲಿ ಯಾವತ್ತೂ ನಡೆಯುವುದು ಹಾಗೆಯೇ. ನೀವು ಅನ್ನಲಿಲ್ಲ. ಮಾರನೇ ದಿನ ಬನ್ನಿ ಎಲೆ ಕೂಡ ಹಂಚದೆ ಚೀಲ ಹಿಡಿದು, "ನನ್ ಕೈ ಸೋಕಿದ್ದೆಲ್ಲ ಕೆಡ್ತದೆ ಅಂದ್ಮ್ಯಾಕೆ ಈ ಮನೇಲಿ ನಂಗೇನ್ ಕೆಲ್ಸ" ಎಂದು ಗೇಟಿಗೆ ಹೇಳಿ ಹೋದಿರಿ. ಗೇಟು ನನಗೆ ಹೇಳಲಿಲ್ಲ. ಎದುರು ಮನೆಯವರು ಹೇಳಿದರು.

ಇನ್ನು ನಿಮಗೆ ಗೊತ್ತಿಲ್ಲದ್ದು ಕೇಳಿ.

ಅವತ್ತು ನಾವೆಲ್ಲ ಕೂಗಾಡುತ್ತಿದ್ದಾಗ ಕೂಗದೆ ಇದ್ದವಳು ಒಬ್ಬಳೇ, ಮಂಜುಶ್ರೀ. ಅವಳು ಮಹಡಿಗೆ ಹೋಗಿ, ತನ್ನ ಫೋನಿಗೂ ಲ್ಯಾಪ್‌ಟಾಪಿಗೂ ಚಾರ್ಜರಿನ ವೈರು ಕಟ್ಟಿ, ಫೋನಿನ ನೆಟ್ಟನ್ನೇ ಆ ವೈರಿನಲ್ಲಿ ಹರಿಸಿಕೊಂಡು, ಪ್ರಾಜೆಕ್ಟ್ ಕಳಿಸಿ, ಕೆಳಗೆ ಬಂದು ಹೋಳಿಗೆ ತಿಂದಳು. ಅವಳ ಕೆಲಸ ಒಂದು ಚೂರೂ ಕೆಟ್ಟಿರಲಿಲ್ಲ. ಹಾಗಂತ ಮಾರನೇ ದಿನ ಅವಳು ಬಾಯಿಬಿಟ್ಟು ಹೇಳುವ ಹೊತ್ತಿಗೆ ನೀವು ಬಸ್ಸಿನಲ್ಲಿದ್ದಿರಿ. "ತಾತ ಎಲ್ಲಜ್ಜೀ?" ಎಂದಳು. ನೀವು ಹೋದದ್ದನ್ನೂ, ಪೂಜೆಗೆ ಮುಂಚೆಯೇ ನೆಟ್ ಹೋಗಿತ್ತು ಎಂದು ನೀವು ಅಂದದ್ದನ್ನೂ ಹೇಳಿದೆ. ಅವಳು ಎದ್ದು ಹೋಗಿ ವಿಭೂತಿ ಡಬ್ಬಿ ತಂದಳು. ಪದ್ಮಶ್ರೀ ಒರೆಸಿದ್ದ ಕಡೆಯಲ್ಲಿ, ಲ್ಯಾಪ್‌ಟಾಪಿನ ಬೆನ್ನ ಮೇಲೆ, ನಿಮ್ಮ ಹಾಗೆಯೇ ಮೂರು ಬೆರಳಿನಲ್ಲಿ ವಿಭೂತಿ ಎಳೆದು ಕುಂಕುಮ ಇಟ್ಟಳು. ಅವರಪ್ಪ ನೋಡುತ್ತಿದ್ದ ಹಾಗೆಯೇ ಇಟ್ಟಳು. ಈ ಹುಡುಗಿ ಯಾರ ಮೊಮ್ಮಗಳು ಎಂದು ಬೇರೆ ಹೇಳಬೇಕೇ?

ಶನಿವಾರ ಅಪ್ಪ, ಮಗಳು, ನಾನು ಮೂವರೂ ಆರ್.ಟಿ. ನಗರದ ಜಿಯಾವುಲ್ಲಾ ಅಂಗಡಿಗೆ ಹೋದೆವು. ಲ್ಯಾಪ್‌ಟಾಪ್ ರಿಪೇರಿ ಮಾಡುವವರು. ನಾನು ಯಾಕೆ ಹೋದೆ ಎಂದು ಕೇಳಬೇಡಿ, ಕಾರಿನಲ್ಲಿ ಜಾಗ ಇತ್ತು, ಹೋದೆ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಗಾಡಿಗಳು ಇರುವೆ ಸಾಲಿನ ಹಾಗೆ ನಿಂತಿದ್ದವು. ಜಿಯಾವುಲ್ಲಾ ಮೊಳೆ ಬಿಚ್ಚಿ, ದೀಪ ಹಿಡಿದು, ಒಂದು ಮೂಲೆಯೂ ಬಿಡದೆ ನೋಡಿದರು. ನಾನು ನೇರವಾಗಿ ಕೇಳಿದೆ, ಒಳಗೆ ಕುಂಕುಮ ಇದೆಯಾ ಎಂದು. "ಅಲ್ಲಮ್ಮಾ, ಯಾರ್ ಹೇಳಿದ್ ನಿಮಗೆ? ಒಂದ್ ತೊಟ್ಟು ನೀರಿಲ್ಲ, ಒಂದ್ ಚಿಟಿಕೆ ಕುಂಕುಮ ಇಲ್ಲ. ಪೂಜೆ ಮಾಡಿದೋರು ಬಹಳ ನಾಜೂಕಾಗಿ ಮಾಡಿದಾರೆ. ಮೇಲೆ ಮಾತ್ರ ಇದೆ" ಎಂದರು. ನಾನು ಸತೀಶನ ಮುಖ ನೋಡಿದೆ. ಅವನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದ.

ವೈಫೈ ಹಿಡಿಯುವುದಕ್ಕೆ ಅದರೊಳಗೆ ಅಂಚೆಚೀಟಿಯಷ್ಟು ಅಗಲದ ಒಂದು ಕಾರ್ಡು ಇದೆ. ಅದನ್ನು ತೆಗೆದು ಜಿಯಾವುಲ್ಲಾ ಬೇರೆ ಲ್ಯಾಪ್‌ಟಾಪಿಗೆ ಹಾಕಿದರು, ಅಲ್ಲಿ ನೆಟ್ ಬಂತು. ತಮ್ಮ ಅಂಗಡಿಯ ಬೇರೆ ಕಾರ್ಡು ತಂದು ನಮ್ಮದಕ್ಕೆ ಹಾಕಿದರು, ಇಲ್ಲಿ ಬರಲಿಲ್ಲ. "ಕಾರ್ಡ್ ಚೆನ್ನಾಗಿದೆ, ವೈರ್ ಚೆನ್ನಾಗಿದೆ. ಒಳಗಿರೋ ಸಿಸ್ಟಮ್ಮೇ ಬಿಡ್ತಿಲ್ಲ ಅನ್ಸುತ್ತೆ. ವಿಂಡೋಸ್ ಹಾಕ್ಕೊಡ್ಲಾ ಪುಟ್ಟಿ?" ಎಂದು ಕೇಳಿದರು. ಮಂಜುಶ್ರೀ ಬೇಡ ಎಂದಳು. "ಅಂಕಲ್, ಇದ್ರಲ್ಲಿ ತೊಂದ್ರೆ ಇದೆ ಅಂತ ಗೊತ್ತಾದ್ಮೇಲೆ ಬಿಟ್ಟು ಹೋಗೋದು ಹೆಂಗೆ" ಎಂದಳು. ಜಿಯಾವುಲ್ಲಾ ನಕ್ಕು, ಏನಾದರೂ ಸಿಕ್ಕರೆ ನನಗೂ ಹೇಳು ಎಂದು ಅವಳ ಹತ್ತಿರ ಮಾತು ತೆಗೆದುಕೊಂಡರು.

ಅವಳ ಲ್ಯಾಪ್‌ಟಾಪಿನಲ್ಲಿ ಇರುವುದು ವಿಂಡೋಸ್ ಅಲ್ಲ, ಲಿನಕ್ಸ್. ಅದೇನು ಎಂದು ನೀವು ಒಮ್ಮೆ ಕೇಳಿದ್ದಿರಿ, ಅವಳು ಹೇಳಿದ್ದು ನಮ್ಮಿಬ್ಬರಿಗೂ ಅರ್ಥವಾಗಿರಲಿಲ್ಲ. ಈಗ ನನಗೆ ಅರ್ಥವಾಗಿದೆ, ನಾನು ಹೇಳುತ್ತೇನೆ. ಅದು ನಮ್ಮೂರ ಕೆರೆ ಇದ್ದ ಹಾಗೆ. ಯಾರೊಬ್ಬರ ಸ್ವತ್ತೂ ಅಲ್ಲ. ಯಾರು ಬೇಕಾದರೂ ನೀರು ತೆಗೆದುಕೊಳ್ಳಬಹುದು, ಆದರೆ ಏರಿ ಬಿರುಕು ಬಿಟ್ಟರೆ, ಹೂಳು ತುಂಬಿದರೆ, ನೀರು ಕುಡಿದವರೇ ಬಂದು ಸರಿ ಮಾಡಬೇಕು. ಆಗ ಮನೆಗೊಂದು ಆಳು ಮಣ್ಣು ಹೊರುವ ಮಂಕರಿ ಹಿಡಿದು ಹೋಗುತ್ತಿರಲಿಲ್ಲವೇ? ನಿಮ್ಮಪ್ಪನಿಗೆ ಜ್ವರ ಬಂದ ವರ್ಷ ನೀವು ಎಳೆ ಹುಡುಗ, ನಿಮ್ಮ ಮನೆಯ ಪಾಲಿಗೆ ನೀವೇ ಹೋಗಿದ್ದಿರಂತೆ. ಅದೇ ಲೆಕ್ಕ. ಇದಕ್ಕೆ ಪ್ರಪಂಚದ ಎಲ್ಲ ಕಡೆಯಿಂದ ಜನ ಮಂಕರಿ ಹಿಡಿದು ಬರುತ್ತಾರೆ, ಅಷ್ಟೇ ವ್ಯತ್ಯಾಸ.

ಭಾನುವಾರ ಊಟವಾದಮೇಲೆ ಅವಳು ನಡುಮನೆಯಲ್ಲೇ ಕೂತು ಒಂದು ಸಾಲು ಬರೆದು ಗುಂಡಿ ಒತ್ತಿದಳು. ಯಂತ್ರ ಎರಡು ಮಾತು ಹೇಳಿತು. ಮೆತ್ತನೆಯ ತಡೆ ಇಲ್ಲ, ಗಟ್ಟಿ ತಡೆ ಇದೆ ಎಂದು. ಏನೇ ಹಾಗೆಂದರೆ ಎಂದು ಕೇಳಿದೆ. ನಾವು ಬೇಡ ಎಂದು ಪರದೆಯ ಮೇಲೆ ವೈಫೈ ಆರಿಸಿದರೆ ಅದು ಮೆತ್ತನೆಯ ತಡೆಯಂತೆ. ಲ್ಯಾಪ್‌ಟಾಪಿನ ಮೈಮೇಲೆ ಇರುವ ಸ್ವಿಚ್ಚನ್ನೇ ಸರಿಸಿ ಆರಿಸಿದರೆ ಅದು ಗಟ್ಟಿ ತಡೆ. ಹಳೆಯ ಲ್ಯಾಪ್‌ಟಾಪುಗಳ ಪಕ್ಕದಲ್ಲಿ ಅಂಥ ಪುಟ್ಟ ಸ್ವಿಚ್ಚು ಇರುತ್ತಿತ್ತಂತೆ. ಸರಿ, ಸ್ವಿಚ್ಚು ಹುಡುಕಿ ಎಂದಾಯಿತು. ಸತೀಶ ಟಾರ್ಚ್ ಹಿಡಿದ. ಪದ್ಮಶ್ರೀ ಕುಂಕುಮದ ಕೆಳಗೆ ಇರಬಹುದೇ ಎಂದಳು, ಮಗಳು ಕಣ್ಣು ಬಿಟ್ಟ ಮೇಲೆ ಅಡುಗೆಮನೆಗೆ ಹೋದಳು. ನಾನು ಕನ್ನಡಕ ಹಾಕಿಕೊಂಡು ಬೆರಳಿನಿಂದ ಅಂಚೆಲ್ಲ ಸವರಿದೆ, ಮಗುವಿನ ತಲೆಯಲ್ಲಿ ಹೇನು ಹುಡುಕಿದ ಹಾಗೆ. ಇಲ್ಲ. ಕೆಳಗೂ ಇಲ್ಲ, ಪಕ್ಕಕ್ಕೂ ಇಲ್ಲ, ಹಿಂದೆಯೂ ಇಲ್ಲ. ಅದರ ಜೊತೆ ಬಂದ ಪುಸ್ತಕ ನೋಡಿದರೆ ಈ ಲ್ಯಾಪ್‌ಟಾಪಿಗೆ ಆ ಸ್ವಿಚ್ಚನ್ನು ಮಾಡಿಯೇ ಇಲ್ಲ!

ಕೇಳಿದಿರಾ? ಆಯುಧಪೂಜೆಯ ಹಿಂದಿನ ದಿನ ಅವಳು ಸಿಸ್ಟಮ್ಮಿಗೆ ಹೊಸ ಅಪ್‌ಡೇಟ್ ಹಾಕಿದ್ದಳು. ಅದರಲ್ಲಿ ಬಂದ ಒಂದು ತುಂಡು ಪ್ರೋಗ್ರಾಮು, ಎಲ್ಲ ಲ್ಯಾಪ್‌ಟಾಪಿಗೂ ಸ್ವಿಚ್ಚು ಇರುತ್ತದೆ ಎಂದುಕೊಂಡು, ಇಲ್ಲದ ಸ್ವಿಚ್ಚು ಆರಿದೆ ಎಂದು ಪಟ್ಟು ಹಿಡಿದು ಕೂತಿತ್ತು. ಕೆರೆಯಲ್ಲಿ ನೀರಿದೆ, ಕಾಲುವೆ ಚೊಕ್ಕಟವಾಗಿದೆ, ಆದರೆ ಇಲ್ಲದ ತೂಬು ಮುಚ್ಚಿದೆ ಎಂದು ಹೇಳಿ ಗದ್ದೆಗೆ ನೀರು ಬಿಡದ ಹಾಗೆ. ನಾನು ಹೀಗೆ ಅಂದಾಗ ಮಂಜುಶ್ರೀ ನನ್ನನ್ನು ತಬ್ಬಿಕೊಂಡು, "ಅಜ್ಜೀ, ನಮ್ಮ ಮೇಷ್ಟ್ರು ಇಷ್ಟು ಚೆನ್ನಾಗಿ ಹೇಳಲ್ಲ" ಎಂದಳು. ಇದನ್ನು ನಾನು ಬರೆಯಬಾರದು ಎಂದುಕೊಂಡಿದ್ದೆ. ಬರೆದೆ.

ಆಮೇಲೆ ಅವಳು ಇನ್ನೊಂದು ಸಾಲು ಬರೆದು ಆ ತುಂಡನ್ನು ಪಕ್ಕಕ್ಕೆ ಕೂರಿಸಿದಳು. ನಿಮ್ಮ ಬೀಸಣಿಗೆ ಗುರುತು ಮೂಲೆಯಲ್ಲಿ ಬಂದು ಕೂತಿತು. ಪದ್ಮಶ್ರೀ ಸೌಟು ಹಿಡಿದೇ ಓಡಿ ಬಂದಳು. ಸತೀಶ ಮಗಳ ಬೆನ್ನು ತಟ್ಟಿದ. ಆದರೆ ಮಂಜುಶ್ರೀ ಯಂತ್ರವನ್ನು ಕೆದಕುತ್ತಲೇ ಇದ್ದಳು. ಅದು ತನಗೆ ಆದದ್ದೆಲ್ಲವನ್ನೂ ಹೊತ್ತು ಸಮೇತ ನೆನಪಿಟ್ಟುಕೊಂಡಿರುತ್ತದಂತೆ. ಹಬ್ಬದ ದಿನ ಯಾವಾಗ ತಡೆ ಬಿತ್ತು ಎಂದು ನೋಡಿದಳು. ಹಾಲಿನವನು ಬರುವ ಹೊತ್ತು, ಅಪ್‌ಡೇಟ್ ಆದಮೇಲೆ ನೀವು ಅದನ್ನು ಮೊದಲ ಸಲ ತೆರೆದಾಗ. ನೀವು ಸ್ನಾನಕ್ಕೂ ಹೋಗಿರಲಿಲ್ಲ.

"ನೋಡಿ ಅಪ್ಪ," ಎಂದಳು, "ತಾತ ಹೇಳಿದ್ದು ಸರಿ ಇತ್ತು. ಪೂಜೆಗೆ ಮುಂಚೇನೇ ಹೋಗಿತ್ತು. ನಾವ್ಯಾರೂ ಕೇಳ್ಲಿಲ್ಲ."

ಸತೀಶ ಎದ್ದು ಹಿತ್ತಲಿಗೆ ಹೋದ. ಮಾರನೇ ದಿನ ನಿಮ್ಮ ಸ್ಕೂಟರನ್ನು ಸರ್ವೀಸಿಗೆ ಬಿಟ್ಟು ಬಂದ, ಯಾರೂ ಅವನಿಗೆ ಹೇಳಿರಲಿಲ್ಲ. ಅದು ಈಗ ತೊಳೆದು ಹೊಳೆಯುತ್ತಾ ಗೇಟಿನ ಒಳಗೆ ನಿಂತಿದೆ. ಕ್ಷಮಿಸಿ ಎನ್ನುವ ಮಾತು ಅವನ ಬಾಯಿಗೆ ಬರುವುದಿಲ್ಲ. ಅದು ಯಾರಿಂದ ಬಂದ ಗುಣ ಎಂದು ನೀವು ನನ್ನ ಕಡೆ ನೋಡಬೇಡಿ.

ನಮ್ಮ ಮನೆಯದು ಸರಿಯಾಯಿತು, ಇಲ್ಲಿಗೆ ಮುಗಿಯಿತು ಎಂದು ನಾನು ಅಂದುಕೊಂಡೆ. ಮಂಜುಶ್ರೀಗೆ ಮುಗಿದಿರಲಿಲ್ಲ. "ಅಜ್ಜೀ, ಇದೇ ಲ್ಯಾಪ್‌ಟಾಪ್ ಇರೋರಿಗೆಲ್ಲ ಹಿಂಗೇ ಆಗಿರುತ್ತಲ್ಲ? ಅವ್ರ ಮನೇಲಿ ಯಾರ್ ಯಾರು ಬೈಸ್ಕೊಂಡಿರ್ತಾರೋ" ಎಂದಳು. ಹುಡುಕಿದರೆ, ಯಾವುದೋ ದೇಶದಲ್ಲಿ ಒಬ್ಬ ಇದೇ ತೊಂದರೆಗೆ ಕಾರ್ಡು ಕಿತ್ತು ಬಿಸಾಡಿ ಹೊಸದು ಹಾಕಿಸಿ, ಅದೂ ಬರದೆ, ತಲೆ ಚಚ್ಚಿಕೊಂಡು ಬರೆದಿದ್ದನಂತೆ. ಇನ್ನೊಬ್ಬಳು ಯಂತ್ರವನ್ನೇ ಮೂಲೆಗೆ ಎಸೆದಿದ್ದಳಂತೆ. ಆದ್ದರಿಂದ ಇವಳು ಆ ತುಂಡಿನಲ್ಲೇ ತಿದ್ದುಪಡಿ ಮಾಡಲು ಕೂತಳು. ಈ ಜಾತಿಯ ಲ್ಯಾಪ್‌ಟಾಪಿಗೆ ಸ್ವಿಚ್ಚು ಇಲ್ಲ, ಇದೆಯೆಂದು ತಿಳಿದು ತಡೆಯಬೇಡ ಎಂದು ಅದಕ್ಕೆ ತಿಳಿಸುವ ನಾಲ್ಕಾರು ಸಾಲು. ಇಷ್ಟೇನಾ ಎಂದು ನಾನು ಕೇಳಿದೆ. "ಇಷ್ಟೇ ಅಜ್ಜಿ. ಆದ್ರೆ ಇದು ಎಲ್ಲರ ಮನೆಗೂ ಹೋಗುತ್ತೆ" ಎಂದಳು.

ಅದು ಸುಮ್ಮನೆ ಹೋಗುವುದಿಲ್ಲ. ನೀರುಗಂಟಿ ಪಿಳ್ಳಣ್ಣ ಇದ್ದನಲ್ಲ ನಮ್ಮ ಕೆರೆಗೆ? ಅವನು ಬಂದು ನೋಡಿ ಒಪ್ಪದೆ ಪಟೇಲರ ಗದ್ದೆಗೂ ಒಂದು ಹನಿ ಹರಿಯುತ್ತಿರಲಿಲ್ಲ. ಲಿನಕ್ಸಿನಲ್ಲೂ ಒಂದೊಂದು ಭಾಗಕ್ಕೆ ಒಬ್ಬೊಬ್ಬ ಪಿಳ್ಳಣ್ಣ ಇದ್ದಾನೆ. ಈ ಭಾಗದ ಪಿಳ್ಳಣ್ಣ ಎಲ್ಲೋ ಚಳಿ ದೇಶದವನು. ಇವಳು ಕಳಿಸಿದ್ದನ್ನು ನೋಡಿ ಮೊದಲು ಬೈದ. ಎರಡು ಕಡೆ ಖಾಲಿ ಜಾಗ ಸರಿಯಾಗಿ ಬಿಟ್ಟಿಲ್ಲ, ಕಾರಣ ಬಿಡಿಸಿ ಬರೆದಿಲ್ಲ ಎಂದು. ನನಗೆ ಸಿಟ್ಟು ಬಂತು, ಎಂಥ ಗಡಸು ಮನುಷ್ಯ ಎಂದು. ಅವಳು ಕುಣಿಯುತ್ತಿದ್ದಳು. "ಅಜ್ಜೀ, ಬೈದಿದ್ದಾರೆ ಅಂದ್ರೆ ಪೂರ್ತಿ ಓದಿದ್ದಾರೆ!" ಎಂದು. ಸರಿಪಡಿಸಿ ಮತ್ತೆ ಕಳಿಸಿದಳು. ನಿನ್ನೆ ಉತ್ತರ ಬಂತು. ಚೆನ್ನಾಗಿದೆ, ಸೇರಿಸಿಕೊಳ್ಳುತ್ತೇನೆ ಎಂದು ಬರೆದಿದ್ದಾನೆ.

ನಿಮ್ಮ ಮೊಮ್ಮಗಳು ಕಟ್ಟಿದ ಒಂದು ಕಲ್ಲು ಇಡೀ ಪ್ರಪಂಚದ ಕೆರೆಯ ಏರಿಯಲ್ಲಿ ಕೂರುತ್ತದೆ. ಹಾಲಿನ ಬೂತಿನ ಹತ್ತಿರ ಹೇಳಿದೆ. ಕೆರೆಯ ಸುತ್ತ ನಡೆಯಲು ಬರುವ ಹೆಂಗಸರಿಗೆ ಹೇಳಿದೆ. ಅಪಾರ್ಟ್‌ಮೆಂಟಿನ ಒಬ್ಬಾಕೆ, ಇಂಜಿನಿಯರಂತೆ, "ನಿಜವಾಗ್ಲೂನಾ ಅಜ್ಜಿ?" ಎಂದು ಬಾಯಿ ಬಿಟ್ಟು ನಿಂತಳು. ನಾನು ಸೆರಗು ಹೊದ್ದು ಮುಂದೆ ನಡೆದೆ, ಹೆಚ್ಚು ಮಾತಾಡಿದರೆ ಬೆಲೆ ಇರುವುದಿಲ್ಲ. ಜಿಯಾವುಲ್ಲಾಗೆ ಅವಳೇ ಫೋನ್ ಮಾಡಿದಳು. "ಶಾಬಾಶ್ ಪುಟ್ಟಿ" ಎಂದು ಅವರು ಅಂದದ್ದು ನನಗೆ ಅಡುಗೆಮನೆಗೇ ಕೇಳಿಸಿತು.

ಈಗ ಒಪ್ಪಿಗೆಯ ವಿಷಯ. ಕನ್ನಡಕ ಒರೆಸಿಕೊಳ್ಳಿ.

ಆ ತಿದ್ದುಪಡಿಯ ಕೆಳಗೆ ಹೆಸರುಗಳನ್ನು ಬರೆಯುವ ಪದ್ಧತಿ ಇದೆ. ತಿದ್ದಿದವರು ಯಾರು, ಪರೀಕ್ಷೆ ಮಾಡಿ ನೋಡಿದವರು ಯಾರು, ಮತ್ತು ಎಲ್ಲರಿಗಿಂತ ಮೊದಲು ತೊಂದರೆ ಇದೆ ಎಂದು ಹೇಳಿದವರು ಯಾರು. ಅದು ಅಲ್ಲಿ ಶಾಶ್ವತವಾಗಿ ಇರುತ್ತದೆ. ಮಂಜುಶ್ರೀ ಹೋದ ಮೇಲೂ, ಅವಳ ಮಕ್ಕಳ ಕಾಲಕ್ಕೂ, ಯಾವ ದೇಶದವರು ತೆಗೆದು ನೋಡಿದರೂ ಕಾಣುತ್ತದೆ. ಪಿಳ್ಳಣ್ಣ ಕೇಳಿದ್ದಾನೆ, ಮೊದಲು ಹೇಳಿದವರು ಯಾರು ಎಂದು.

ಮಂಜುಶ್ರೀ ಬರೆದಿಟ್ಟಿದ್ದಾಳೆ, ವೆಂಕಟರಾಮಯ್ಯ.

ತಮಾಷೆ ಅಲ್ಲ. ಅವಳ ಲೆಕ್ಕ ಸರಿಯಾಗಿದೆ. ನೆಟ್ ಇಲ್ಲ ಎಂದು ಮೊದಲು ಕೂಗಿದವರು ನೀವು. ಯಾವಾಗ ಹೋಯಿತು ಎಂದು ಸರಿಯಾಗಿ ಹೇಳಿದವರೂ ನೀವೇ. ಪೂಜೆಗೆ ಮುಂಚೆಯೇ ಹೋಗಿತ್ತು ಎಂದು ತಾತ ಹೇಳಿದ್ದನ್ನು ಹಿಡಿದುಕೊಂಡೇ ನಾನು ಅಪ್‌ಡೇಟಿನ ಕಡೆ ನೋಡಿದ್ದು, ಇಲ್ಲದಿದ್ದರೆ ಇನ್ನೂ ಕುಂಕುಮ ಕೆರೆಯುತ್ತಾ ಕೂತಿರುತ್ತಿದ್ದೆ ಎಂದು ಅವಳೇ ಅಂದಳು. ನಾವೆಲ್ಲ ಕಥೆ ಎಂದದ್ದನ್ನು ಅವಳು ಸಾಕ್ಷಿ ಎಂದಳು.

ಆದರೆ ಅಲ್ಲಿಯ ನಿಯಮ ಏನೆಂದರೆ, ಮನುಷ್ಯನ ಒಪ್ಪಿಗೆ ಇಲ್ಲದೆ ಅವನ ಹೆಸರು ಹಾಕುವ ಹಾಗಿಲ್ಲ. ಅಜ್ಜಿ ಹೇಳಿದರೆ ನಡೆಯುವುದಿಲ್ಲವಂತೆ. ಪಿಳ್ಳಣ್ಣನಿಗೆ ಹೇಳು, ನಿಮ್ಮ ತಾತನ ಪರವಾಗಿ ಇಷ್ಟು ವರ್ಷ ಎಲ್ಲದಕ್ಕೂ ನಾನೇ ಹೂಂ ಅಂದಿದ್ದೇನೆ ಎಂದೆ. ಅವಳು ಒಪ್ಪಲಿಲ್ಲ. "ತಾತನೇ ಹೂಂ ಅನ್ಬೇಕು ಅಜ್ಜಿ. ಅವ್ರ ಮಾತು ಕೇಳ್ದೆ ಒಂದ್ಸಲ ತಪ್ಪು ಮಾಡಿದ್ವಲ್ಲ" ಎಂದಳು. ಹೆಸರು ಸೇರಿಸಿದ ಕೊನೆಯ ಪ್ರತಿಯನ್ನು ಈ ತಿಂಗಳು ಮುಗಿಯುವುದರೊಳಗೆ ಕಳಿಸಿದರೆ ಈ ಸಲದ ಕಂತಿಗೆ ಸೇರುತ್ತದೆ. ಅವಳು ಆ ಸಾಲು ಇಲ್ಲದೆಯೇ ಇವತ್ತೇ ಕಳಿಸಬಹುದಿತ್ತು. ಕಳಿಸಿಲ್ಲ. ನಿಮಗಾಗಿ ಹಿಡಿದುಕೊಂಡು ಕೂತಿದ್ದಾಳೆ.

ಆದ್ದರಿಂದ ಕೊಟ್ಟಿಗೆಯಿಂದ ಹೊರಗೆ ಬನ್ನಿ. ಒಂದು ಅಂಚೆ ಕಾರ್ಡಿನ ಮೇಲೆ ಹೌದು ಅಥವಾ ಬೇಡ ಎಂದು ಬರೆದು ಸಹಿ ಹಾಕಿ ಕಳಿಸಿ. ಬರೆಯಲು ಸೋಮಾರಿತನವಾದರೆ ದೀಪಾವಳಿಗೆ ನೀವೇ ಬನ್ನಿ, ಎಣ್ಣೆ ಕಾಯಿಸಿ ಇಡುತ್ತೇನೆ, ಬಾಯಲ್ಲೇ ಹೇಳಿ. ಹೇಗಾದರೂ ಸರಿ, ಮುಂದಿನ ತಿಂಗಳು ಹುಟ್ಟುವುದಕ್ಕೆ ಮುಂಚೆ ನನಗೆ ಉತ್ತರ ಬೇಕು. ಒಂದನೇ ತಾರೀಖಿಗೆ ಬಂದ ಕಾಗದವನ್ನು ನಾನು ಒಡೆಯುವುದಿಲ್ಲ.

ಇಂತಿ,
ಬೈದದ್ದಕ್ಕೆ ಬದಲು ಬೈಸಿಕೊಳ್ಳಲು ಕಾಯುತ್ತಿರುವ,
ಮುನಿವೆಂಕಟಮ್ಮ

ಮರೆತಿದ್ದು: ಪರೀಕ್ಷೆ ಮಾಡಿದವರ ಹೆಸರಿನ ಜಾಗದಲ್ಲಿ ನನ್ನದಿದೆ, ಮುನಿವೆಂಕಟಮ್ಮ ಎಂದು, ನಿಮ್ಮ ಹೆಸರಿನ ಕೆಳಗಿನ ಸಾಲಿನಲ್ಲಿ. ಅಲ್ಲೂ ನಿಮ್ಮ ಕೆಳಗೇ! ತಿದ್ದಿದವರೇ ಪರೀಕ್ಷೆ ಮಾಡಬಾರದೆಂದು ಮಂಜುಶ್ರೀ ನನ್ನನ್ನು ಕೂರಿಸಿ ತಾನು ಹೊರಗೆ ಹೋದಳು. ನಾನೇ ಗುಂಡಿ ಒತ್ತಿದೆ, ಬೀಸಣಿಗೆ ಬಂತು. ಬಂದದ್ದು ನಿಜವೋ ಎಂದು ನೋಡಲು ಕೃಷ್ಣಮ್ಮನಿಗೆ ಮುಖ ಕಾಣುವ ಕರೆ ಮಾಡಿದೆ. ಫೋನಿನ ಗಂಟೆ ಕೇಳಿ ನೀವು ಎದ್ದು ಹೋದಿರಂತೆ. ಅವಳು ಸದ್ದು ಮಾಡದೆ ಹಿಂದೆ ಬಂದು ಫೋನನ್ನು ಕೊಟ್ಟಿಗೆಯ ಬಾಗಿಲಿಗೆ ಹಿಡಿದಳು. ನೀವು ತೋಳು ಹರಿದ ಬನಿಯನ್ನಿನಲ್ಲಿ ಬೆನ್ನು ಹಾಕಿ ನಿಂತು ಕರುವಿನ ಕೊರಳು ನೀವುತ್ತಿದ್ದಿರಿ. ಅದು ಕಣ್ಣು ಮುಚ್ಚಿ, ನಿಮ್ಮ ಅಂಗೈ ಮೇಲೆ ಗದ್ದ ಇಟ್ಟು ನಿಂತಿತ್ತು. ನಿಮ್ಮ ಕೈ ಸೋಕಿ ಅದೇನೂ ಕೆಟ್ಟ ಹಾಗೆ ಕಾಣಲಿಲ್ಲ. ನಾನು ಬಹಳ ಹೊತ್ತು ನೋಡಿದೆ, ಚಿತ್ರ ಒಂದು ಸಲವೂ ನಿಲ್ಲಲಿಲ್ಲ. ಪರೀಕ್ಷೆ ಸರಿಯಾಗಿದೆ ಎಂದು ಹೇಳಿ ಹೆಸರು ಕೊಟ್ಟೆ. ನೀವು ಬೇಡ ಎಂದು ಬರೆದರೆ ನನ್ನದನ್ನೂ ಅಳಿಸು ಎಂದು ಮಗುವಿಗೆ ಹೇಳಿಟ್ಟಿದ್ದೇನೆ. ಪ್ರಪಂಚಕ್ಕೆಲ್ಲ ಕಾಣುವ ಜಾಗದಲ್ಲಿ ನಾನೊಬ್ಬಳೇ ನಿಂತು ಏನು ಮಾಡಲಿ? ತಿಂಗಳು ಮುಗಿಯುವ ಮುಂಚೆ ಬರೆಯಿರಿ.